ಆಯಿಲ್ ಬದಲಿಸಿದ ಮೇಲೆ ಸದ್ದು: ಇಂಜಿನ್ ಬಿಚ್ಚುವ ಮುನ್ನ ಗೇಜುಕಡ್ಡಿ ನೋಡಿ

ಮಾನ್ಯ ಸಂಪಾದಕರೆ,

ಹಳೆಯ ವಾಹನಕ್ಕೆ ಇಂಜಿನ್ ಆಯಿಲ್ ಬದಲಿಸಿದ ಮರುದಿನವೇ ಟಕಟಕ ಸದ್ದು ಶುರುವಾಯಿತೆಂದು ಹೇಳಿಕೊಂಡು ಹೋದವರಿಗೆ ‘ಗಾಡಿಗೆ ವಯಸ್ಸಾಯಿತು, ಇಂಜಿನ್ ಇಳಿಸಬೇಕು’ ಎಂಬ ಉತ್ತರ ಸಿಗುವುದನ್ನು ನಾನು ಮತ್ತೆ ಮತ್ತೆ ಕೇಳುತ್ತಿದ್ದೇನೆ. ಪಾಲಿಟೆಕ್ನಿಕ್ಕಿನ ಆಟೊಮೊಬೈಲ್ ವಿಭಾಗದಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತನಾದ ನನಗೆ ಈ ಉತ್ತರ ಒಪ್ಪಿಗೆಯಾಗುವುದಿಲ್ಲ. ನಿನ್ನೆಯವರೆಗೆ ಇಲ್ಲದ ಸದ್ದು ಇಂದು ಬಂದಿದೆ ಎಂದರೆ, ನಿನ್ನೆ ಆ ಗಾಡಿಗೆ ಏನು ಮಾಡಲಾಯಿತು ಎಂಬುದನ್ನೇ ಮೊದಲು ನೋಡಬೇಕು.

ಅರಸೀಕೆರೆಯ ಹತ್ತಿರ ತೋಟ ಮಾಡಿಕೊಂಡಿರುವ ನನ್ನ ಭಾವಮೈದುನರು ತಿಪಟೂರು ಮಾರುಕಟ್ಟೆಗೆ ಕೊಬ್ಬರಿ ಸಾಗಿಸಲು 2008ರ ಒಂದು ಮಾರುತಿ ಓಮ್ನಿ ಇಟ್ಟುಕೊಂಡಿದ್ದಾರೆ. 15 ವರ್ಷ ತುಂಬಿದ ಕಾರುಗಳ ನೋಂದಣಿ ನವೀಕರಣ ಶುಲ್ಕವು 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿದ ನಂತರವೂ ಅವರು ಹಣ ಕಟ್ಟಿ ಅದನ್ನು ಉಳಿಸಿಕೊಂಡಿರುವುದು ಮೋಹದಿಂದಲ್ಲ, ಅವರ ತೋಟದ ಕೆಲಸಕ್ಕೆ ಅದಕ್ಕಿಂತ ಒದಗುವ ಗಾಡಿ ಇನ್ನೊಂದಿಲ್ಲ ಎಂಬ ಕಾರಣದಿಂದ. ಕಳೆದ ತಿಂಗಳು ಒಂದು ವರ್ಕ್‌ಶಾಪಿನಲ್ಲಿ ಆಯಿಲ್ ಬದಲಿಸಿಕೊಂಡು ಬಂದ ಮಾರನೆಯ ಬೆಳಿಗ್ಗೆ ಗಾಡಿ ಚಾಲೂ ಮಾಡಿದಾಗ ಕೆಲವು ಸೆಕೆಂಡು ಗಲಗಲ ಸದ್ದು, ಆಮೇಲೆ ಬಿಡದೆ ಟಕಟಕ. ಓಮ್ನಿಯ ಮೂರು ಸಿಲಿಂಡರಿನ 796 ಸಿ.ಸಿ. ಇಂಜಿನ್ ಮುಂದಿನ ಸೀಟಿನ ಕೆಳಗೇ ಇರುವುದರಿಂದ ಆ ಸದ್ದು ಕೂತವರ ಮೈಗೇ ತಾಗುವಂತಿತ್ತು. ಅದೇ ವರ್ಕ್‌ಶಾಪಿಗೆ ಹಿಂತಿರುಗಿ ತೋರಿಸಿದಾಗ, ಯಾರೂ ಸೀಟು ಎತ್ತಿ ನೋಡದೆ, ಬೇರಿಂಗ್ ಹೋಗಿದೆ, 28 ಸಾವಿರ ರೂಪಾಯಿ ಆಗುತ್ತದೆ ಎಂದರು.

ಭಾವಮೈದುನರು ನನ್ನಲ್ಲಿಗೆ ಬಂದ ದಿನ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ಆಯಿಲ್ ಮಟ್ಟ ತೋರಿಸುವ ಗೇಜುಕಡ್ಡಿ ಎಳೆದು ನೋಡಿದೆವು. ಆಯಿಲ್ ಮೇಲಿನ ಗುರುತನ್ನು ದಾಟಿ ನಿಂತಿತ್ತು. ಈ ಇಂಜಿನ್ನಿಗೆ ಫಿಲ್ಟರ್ ಸೇರಿ ಸುಮಾರು ಮೂರು ಲೀಟರ್ ಸಾಕು. ಅಂಗಡಿಯಲ್ಲಿ ಸಿಗುವ ಮೂರೂವರೆ ಲೀಟರಿನ ಡಬ್ಬಿಯನ್ನು ವರ್ಕ್‌ಶಾಪಿನವರು ಇಡಿಯಾಗಿ ಸುರಿದಿದ್ದರು. ಆಯಿಲ್ ಹೆಚ್ಚಾದರೆ ನಷ್ಟವೇನು ಎಂದು ಕೇಳುವವರುಂಟು. ಇಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರಿನಲ್ಲಿ ಮಟ್ಟ ಮೇಲೇರಿದಾಗ, ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟ್ ಅದರೊಳಗೆ ಅದ್ದಿ, ಕಡೆಗೋಲು ಮಜ್ಜಿಗೆ ಕಡೆಯುವಂತೆ ಕಡೆದು ನೊರೆ ಎಬ್ಬಿಸುತ್ತದೆ; ಗಾಳಿ ಬೆರೆತ ಆ ನೊರೆಯನ್ನೇ ಪಂಪು ಮೇಲಕ್ಕೆ ಕಳಿಸುವುದರಿಂದ ಬೇರಿಂಗ್ ಮತ್ತು ವಾಲ್ವುಗಳನ್ನು ಒತ್ತುವ ರಾಕರುಗಳಿಗೆ ಸಿಗಬೇಕಾದ ಎಣ್ಣೆಯ ಪದರ ಸಿಗುವುದಿಲ್ಲ. ಹೆಚ್ಚಾದರೂ ಕಡಿಮೆಯಾದರೂ ಕೊನೆಗೆ ಸವೆಯುವುದು ಲೋಹವೇ.

ಎರಡನೆಯದು ಆಯಿಲಿನ ದರ್ಜೆ. ಖಾಲಿ ಡಬ್ಬಿ ಗಾಡಿಯ ಹಿಂಬದಿಯಲ್ಲೇ ಇದ್ದುದರಿಂದ ತಿಳಿಯಿತು: ಹಾಕಿದ್ದು ಇತ್ತೀಚಿನ ಕಾರುಗಳಿಗೆ ಬಳಸುವ 0ಡಬ್ಲ್ಯೂ-20. ಡಬ್ಲ್ಯೂ ಅಕ್ಷರಕ್ಕೆ ಮೊದಲು ಬರುವ ಅಂಕಿ ಚಳಿಯಲ್ಲಿ ಆಯಿಲ್ ಹರಿಯುವ ಬಗೆಯನ್ನೂ, ಅದರ ನಂತರ ಬರುವ ಅಂಕಿ 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದು ಉಳಿಸಿಕೊಳ್ಳುವ ಮಂದತನವನ್ನೂ ಸೂಚಿಸುತ್ತದೆ. ಈ ಬಗೆಯ ಹಳೆಯ ಇಂಜಿನ್ನುಗಳಿಗೆ ನಮ್ಮ ಬಿಸಿಲಿನಲ್ಲಿ 20ಡಬ್ಲ್ಯೂ-40 ಹಾಕಿಸುವುದೇ ವಾಡಿಕೆ. ಸವೆದು ಸಂದು ಅಗಲವಾದ ಬೇರಿಂಗಿನಲ್ಲಿ ತೆಳ್ಳಗಿನ ಆಯಿಲ್ ನಿಲ್ಲದೆ ಸೋರಿಹೋಗಿ ಒತ್ತಡ ಇಳಿಯುತ್ತದೆ. ದುಬಾರಿ ಆಯಿಲ್ ಹಾಕಿದ್ದೇವೆ ಎಂಬ ಸಮಾಧಾನ ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ಆ ಇಂಜಿನ್ನಿನ ಕೈಪಿಡಿ ಹೇಳಿದ ದರ್ಜೆಯೇ ಅದಕ್ಕೆ ಒಳ್ಳೆಯ ಆಯಿಲ್.

ಬೆಳಗಿನ ಗಲಗಲ ಸದ್ದಿಗೆ ಕಾರಣ ಫಿಲ್ಟರಾಗಿತ್ತು. ಒಳ್ಳೆಯ ಫಿಲ್ಟರಿನೊಳಗೆ, ಇಂಜಿನ್ ಆರಿಸಿದ ಮೇಲೆ ಆಯಿಲ್ ಚೇಂಬರಿಗೆ ಮರಳದಂತೆ ತಡೆಯುವ ಒಂದು ರಬ್ಬರ್ ವಾಲ್ವು ಇರುತ್ತದೆ. ಕಳಪೆ ಫಿಲ್ಟರುಗಳಲ್ಲಿ ಅದು ಇರುವುದೇ ಇಲ್ಲ, ಇದ್ದರೂ ಗಟ್ಟಿಯಾಗಿ ಕೂರುವುದಿಲ್ಲ. ರಾತ್ರಿಯೆಲ್ಲ ಖಾಲಿಯಾದ ಫಿಲ್ಟರು ಬೆಳಿಗ್ಗೆ ತುಂಬುವವರೆಗೆ ಇಂಜಿನ್ ಒಣಗಿಯೇ ತಿರುಗುತ್ತದೆ.

ಆಯಿಲ್ ಇಳಿಸಿ, ಸರಿಯಾದ ದರ್ಜೆಯದನ್ನು ಗುರುತಿನವರೆಗೆ ಮಾತ್ರ ತುಂಬಿ, ಫಿಲ್ಟರ್ ಬದಲಿಸಿದೆವು. ಬೆಳಗಿನ ಸದ್ದು ನಿಂತೇಹೋಯಿತು. ಟಕಟಕ ಬಹುಮಟ್ಟಿಗೆ ತಗ್ಗಿತು. ಉಳಿದ ಸಣ್ಣ ಸದ್ದು ಟ್ಯಾಪೆಟ್ಟಿನದು, ಅಂದರೆ ರಾಕರು ವಾಲ್ವನ್ನು ತಟ್ಟುವ ಜಾಗದ್ದು. ಈ ಇಂಜಿನ್ನಿನ ಟ್ಯಾಪೆಟ್ ಸಂದನ್ನು ತಿರುಪಿನಿಂದ ಹೊಂದಿಸಬಹುದಾದ್ದರಿಂದ ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ಹಿಡಿದು ಒಂದು ಗಂಟೆಯಲ್ಲಿ ಅದನ್ನೂ ಮುಗಿಸಿದೆವು. ಟ್ಯಾಪೆಟ್ ಹೊಂದಿಸುವ ಈ ಕೈಕೆಲಸವನ್ನು ಹೊಸ ಹುಡುಗರಿಗೆ ಯಾರೂ ಕೂರಿಸಿಕೊಂಡು ಕಲಿಸುತ್ತಿಲ್ಲ ಎಂಬ ನೋವು ನನಗಿದೆ. ಒಟ್ಟು ಖರ್ಚು ಎರಡು ಸಾವಿರ ರೂಪಾಯಿಯನ್ನೂ ದಾಟಲಿಲ್ಲ.

ಎಲ್ಲ ಸದ್ದೂ ಇಷ್ಟು ಸುಲಭವಾಗಿ ಬಗೆಹರಿಯುತ್ತದೆ ಎಂದು ನಾನು ಹೇಳುತ್ತಿಲ್ಲ. ವಾಲ್ವುಗಳನ್ನು ತೆರೆಸುವ ಕ್ಯಾಮ್‌ಶಾಫ್ಟ್ ಇಂಜಿನ್ನಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಟ್ಯಾಪೆಟ್ ಸದ್ದು ಹಗುರವಾಗಿ, ಮೇಲಿನಿಂದ, ಇಂಜಿನ್ ಸುತ್ತಿನ ಅರ್ಧ ಗತಿಯಲ್ಲಿ ಕೇಳುತ್ತದೆ. ಬೇರಿಂಗಿನ ಸದ್ದು ಕೆಳಗಿನಿಂದ ಬರುವ ಭಾರವಾದ ಧಡಧಡ. ಏರಿನಲ್ಲಿ, ಹೊರೆ ಇದ್ದಾಗ ಅದು ಜೋರಾಗುತ್ತದೆ. ಅಂಥ ಸದ್ದು ಕೇಳಿದರೆ ಅಥವಾ ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಆರದಿದ್ದರೆ ಗಾಡಿಯನ್ನು ಅಲ್ಲಿಯೇ ನಿಲ್ಲಿಸಬೇಕು, ಮನೆಯವರೆಗೆ ಓಡಿಸಿಕೊಂಡು ಹೋಗಲೂ ಬಾರದು. ದೀಪ ಆರಿದೆ ಎಂದ ಮಾತ್ರಕ್ಕೆ ಒತ್ತಡ ಸರಿಯಿದೆ ಎಂದೂ ಅಲ್ಲ, ಒತ್ತಡ ತೀರ ಕುಸಿದಾಗ ಮಾತ್ರ ಆ ದೀಪ ಹೊತ್ತುತ್ತದೆ. ದೀಪದ ಸ್ವಿಚ್ಚನ್ನು ಬಿಚ್ಚಿ ಆ ಜಾಗಕ್ಕೆ ಪ್ರೆಶರ್ ಗೇಜ್ ಸಿಕ್ಕಿಸಿ ನೋಡಿದರೆ ನಿಜವಾದ ಅಂಕಿ ಸಿಗುತ್ತದೆ. ಇಂಜಿನ್ ಇಳಿಸಬೇಕು ಎನ್ನುವ ಯಾವ ಮೆಕ್ಯಾನಿಕ್ಕೂ ಆ ಅಂಕಿಯನ್ನು ಮಾಲೀಕನಿಗೆ ತೋರಿಸದೆ ಹಾಗೆ ಹೇಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ವರ್ಷಗಟ್ಟಲೆ ಆಯಿಲ್ ಬದಲಿಸದ ಇಂಜಿನ್ನಿಗೆ ಫ್ಲಶಿಂಗ್ ಆಯಿಲ್ ಹಾಕಿ ತೊಳೆದಿದ್ದರೆ, ಕದಡಿದ ಜಿಡ್ಡು ಪಂಪಿನ ಜಾಲರಿಗೆ ಕಟ್ಟಿಕೊಂಡಿರಲೂಬಹುದು; ಆಗ ಚೇಂಬರ್ ಬಿಚ್ಚಿ ನೋಡುವುದು ನ್ಯಾಯವೇ.

ನನ್ನ ಭಾವಮೈದುನರ ಕೈಯಲ್ಲಿದ್ದ ಚೀಟಿಯಲ್ಲಿ ‘ಆಯಿಲ್ ಸರ್ವಿಸ್’ ಎಂಬ ಎರಡು ಪದ, ಒಂದು ಮೊತ್ತ, ಇಷ್ಟೇ ಇತ್ತು. ಆ ಡಬ್ಬಿ ಗಾಡಿಯಲ್ಲಿ ಉಳಿದಿರದಿದ್ದರೆ ಯಾವ ಆಯಿಲ್ ಹಾಕಿದ್ದರೆಂದು ನಮಗೆ ತಿಳಿಯುವ ದಾರಿಯೇ ಇರಲಿಲ್ಲ. ಸೇವೆಯ ನಂತರ ಬಿಲ್ ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಪರಿಗಣಿಸುತ್ತದೆ, ದೂರಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೂ ಇದೆ. ಆದರೆ ಕೊಟ್ಟ ಬಿಲ್ಲಿನಲ್ಲಿ ಏನೂ ಬರೆಯದಿದ್ದರೆ ಮಾಲೀಕನಿಗೆ ಏನು ಸಿಕ್ಕಂತಾಯಿತು? ಆಯಿಲಿನ ದರ್ಜೆ, ಹಾಕಿದ ಅಳತೆ, ಫಿಲ್ಟರಿನ ತಯಾರಕರ ಹೆಸರು, ಆ ದಿನದ ಕಿಲೊಮೀಟರ್ ಇವಿಷ್ಟನ್ನು ಪ್ರತಿ ಬಿಲ್ಲಿನಲ್ಲೂ ಬರೆಯುವಂತೆ ವರ್ಕ್‌ಶಾಪ್ ಮಾಲೀಕರು ತಾವೇ ಮುಂದಾಗಬೇಕು. ಸಾರಿಗೆ ಇಲಾಖೆಯು ಅಂಥ ಒಂದು ಮಾದರಿ ಬಿಲ್ಲನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಹಳೆಯ ವಾಹನಗಳ ಮಾಲೀಕರು ನವೀಕರಣಕ್ಕೆಂದು ಸಾಲು ನಿಲ್ಲುವ ಪ್ರತಿ ಆರ್‌ಟಿಒ ಕಚೇರಿಯ ಗೋಡೆಯ ಮೇಲೆ ಅಂಟಿಸಬೇಕೆಂದು ಕೋರುತ್ತೇನೆ.

— ನಿವೃತ್ತ ಪಾಲಿಟೆಕ್ನಿಕ್ ಬೋಧಕ, ಹಾಸನ