ಗೆಳೆಯನಿಗೊಂದು ಪತ್ರ: ಕಚೇರಿ ಅಲೆಯುವ ಕೆಲಸ ನಿನ್ನದು

ಗೆಳೆಯಾ,

ಅತ್ತಿಗೆ ಬಸುರಿ ಅನ್ನುವ ನಿನ್ನ ಮೆಸೇಜ್ ನೋಡಿ ತುಂಬಾ ಖುಷಿಯಾಯಿತು. ಅತ್ತಿಗೆಗೂ ಹೇಳು. ಕೊನೆಯಲ್ಲಿ ನೀನು ಕೇಳಿದ್ದೆಯಲ್ಲ, ಸರ್ಕಾರದಿಂದ ಏನಾದರೂ ಸಿಗುತ್ತಾ, ಎಲ್ಲಿ ವಿಚಾರಿಸಬೇಕು ಅಂತ. ಫೋನಿನಲ್ಲಿ ಹೇಳಿದರೆ ಹೂಂ ಹೂಂ ಅಂದು ಮರೆತುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಸಿಗುತ್ತದೆ. ಆದರೆ ಮನೆಗೆ ತಂದು ಯಾರೂ ಕೊಡುವುದಿಲ್ಲ. ತಪಾಸಣೆ ಒಂದು ಇಲಾಖೆ, ಹೆರಿಗೆ ರಜೆಯ ಹಣ ಇನ್ನೊಂದು, ಮಗುವಿನ ಭತ್ಯೆ ಮತ್ತೊಂದು, ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ, ಒಂದೊಂದಕ್ಕೂ ಬೇರೆ ಅರ್ಜಿ, ಬೇರೆ ಕಡೆಯ ದಿನಾಂಕ. ವಾಂತಿ, ಸುಸ್ತಿನ ನಡುವೆ ಅತ್ತಿಗೆ ಇದನ್ನೆಲ್ಲ ತಲೆಯಲ್ಲಿ ಇಟ್ಟುಕೊಳ್ಳುವುದು ಬೇಡ. ಬಸುರಿನಲ್ಲಿ ಗಂಡಸರ ಪಾಲಿಗೆ ಬರುವ ಕೆಲಸವೇ ಕಡಿಮೆ, ಇದೊಂದನ್ನಾದರೂ ಪೂರ್ತಿ ನೀನೇ ವಹಿಸಿಕೋ. "ಸಹಾಯ ಮಾಡ್ತೀನಿ" ಅನ್ನಬೇಡ, ವಹಿಸಿಕೋ.

ಮೊದಲ ತಪಾಸಣೆಯನ್ನು ಮುಂದೂಡಬೇಡಿ. ಗರ್ಭಿಣಿಗೆ ಕಡಿಮೆ ಅಂದರೂ 8 ಭೇಟಿ ಬೇಕು, ಮೊದಲನೆಯದು 12 ವಾರದೊಳಗೆ ಆಗಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ಬಿಪಿ, ರಕ್ತ, ಮೂತ್ರ ನೋಡುತ್ತಾರೆ, ಕಬ್ಬಿಣ ಮತ್ತು ಫೋಲಿಕ್ ಆಸಿಡ್ ಮಾತ್ರೆ ಕೊಡುತ್ತಾರೆ. ಆದರೆ ನಾನು ಇಲ್ಲಿ ಒತ್ತಿ ಹೇಳುತ್ತಿರುವುದಕ್ಕೆ ಇನ್ನೊಂದು ಕಾರಣ ಇದೆ. ಎಷ್ಟೋ ಸವಲತ್ತುಗಳು ಈ ಮೊದಲ ಭೇಟಿಯ ದಾಖಲೆಯ ಮೇಲೇ ನಿಂತಿರುತ್ತವೆ. ಫಿನ್‌ಲೆಂಡಿನಲ್ಲಿ ತಾಯಂದಿರಿಗೆ ಮಗುವಿನ ಬಟ್ಟೆಬರೆ ತುಂಬಿದ ಪೆಟ್ಟಿಗೆ ಕೊಡುತ್ತಾರೆ, ಕೇಳಿರುತ್ತೀಯ. 1938ರಲ್ಲಿ ಬಡವರಿಗೆ ಅಂತ ಶುರುವಾಗಿದ್ದು 1949ರಲ್ಲಿ ಎಲ್ಲರಿಗೂ ಬಂತು, ಆದರೆ ಒಂದು ಷರತ್ತು ಹಾಕಿದರು: ನಾಲ್ಕನೇ ತಿಂಗಳು ಮುಗಿಯುವುದರೊಳಗೆ ತಪಾಸಣೆಗೆ ಬಂದಿರಬೇಕು. ಪೆಟ್ಟಿಗೆಯ ಆಸೆಗಾದರೂ ಬರಲಿ ಅನ್ನುವ ಲೆಕ್ಕ! ಇಂಥ ಷರತ್ತು ಬೇರೆ ಕಡೆಯೂ ಇರುತ್ತದೆ. ಐದನೇ ತಿಂಗಳಲ್ಲಿ ಹೋಗಿ ಕೇಳಿದರೆ "ಮೊದಲೇ ಬರಬೇಕಿತ್ತು" ಅನ್ನುತ್ತಾರೆ, ಅಷ್ಟೇ.

ಯಾರನ್ನು ಕೇಳಬೇಕು? ಡಾಕ್ಟರನ್ನಂತೂ ಅಲ್ಲ. ಅವರಿಗೆ ಪುರುಸೊತ್ತೂ ಇರುವುದಿಲ್ಲ, ಅರ್ಜಿ ನಮೂನೆಗಳ ವಿಷಯ ಗೊತ್ತೂ ಇರುವುದಿಲ್ಲ. ತಪಾಸಣೆ ಮಾಡುವ ನರ್ಸನ್ನು ಕೇಳು, ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತರು ಇದ್ದರೆ ಅವರನ್ನು ಹುಡುಕಿಕೊಂಡು ಹೋಗು. ಬಾಗಿಲ ಹತ್ತಿರ ನಿಂತು "ಏನಾದರೂ ಯೋಜನೆ ಇದೆಯಾ" ಅಂದರೆ "ಇಲ್ಲ" ಅಂತ ಉತ್ತರ ಬರುತ್ತದೆ. ಕೂತು ಹೇಳು: ನಮ್ಮದು ಮೊದಲ ಮಗು, ಇಬ್ಬರಲ್ಲಿ ಇಂಥವರು ದುಡಿಯುತ್ತೇವೆ, ಇಷ್ಟು ಆದಾಯ, ನಮಗೆ ಯಾವುದೆಲ್ಲ ಅನ್ವಯಿಸುತ್ತದೆ, ಯಾವುದಕ್ಕೆ ಕಡೆಯ ದಿನ ಯಾವಾಗ? ಇಷ್ಟು ಬಿಡಿಸಿ ಕೇಳಿದರೆ ಅವರೂ ಬಿಡಿಸಿ ಹೇಳುತ್ತಾರೆ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಿ ಅನ್ನು. ಎಷ್ಟೋ ಸಲ ಹೆಸರಿನ ಕಾಗುಣಿತ ಎರಡು ಕಾಗದದಲ್ಲಿ ಎರಡು ಥರ ಇರುವುದೇ ಕಾರಣವಾಗಿರುತ್ತದೆ. ಅದನ್ನು ಈಗಲೇ ನೋಡಿಕೋ.

ತಪಾಸಣೆಯ ಕಾರ್ಡು, ರಿಪೋರ್ಟುಗಳು ಆಸ್ಪತ್ರೆಯಲ್ಲೇ ಇರುತ್ತವೆ ಬಿಡು ಅಂದುಕೊಳ್ಳಬೇಡ. ಅವು ತಾಯಿಯ ಕೈಯಲ್ಲೇ ಇರಬೇಕು. ರಾತ್ರಿ ಹೊತ್ತು ಬೇರೆ ಆಸ್ಪತ್ರೆಗೆ ಓಡಬೇಕಾಗಿ ಬಂದರೆ ಅಲ್ಲಿನವರಿಗೆ ಗೊತ್ತಾಗುವುದು ಅದರಿಂದಲೇ. ಎಲ್ಲದರ ಫೋಟೋ ನಿನ್ನ ಫೋನಿನಲ್ಲೂ ಇರಲಿ.

ಇನ್ನು ಕೆಲಸದ ಕಡೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹುಟ್ಟಿದ ವರ್ಷ, 1919ರಲ್ಲೇ, ಹೆರಿಗೆ ರಜೆಗೆ ಒಂದು ಒಪ್ಪಂದ ಮಾಡಿತ್ತು. ಅದೇ ಸಂಘಟನೆಯ 2000ದ ಒಪ್ಪಂದದ ಪ್ರಕಾರ ಕನಿಷ್ಠ 14 ವಾರ ರಜೆ, ಹಿಂದಿನ ಗಳಿಕೆಯ ಮೂರರಲ್ಲಿ ಎರಡು ಭಾಗಕ್ಕೆ ಕಡಿಮೆಯಾಗದ ಹಣ, ಬಸುರಿ ಅನ್ನುವ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ, ವಾಪಸ್ ಬಂದ ಮೇಲೆ ಹಾಲೂಡಿಸಲು ಬಿಡುವು. ಎಲ್ಲ ದೇಶಗಳೂ ಇದಕ್ಕೆ ಸಹಿ ಹಾಕಿಲ್ಲ. ಕೆಲವು ಕಡೆ ಇದಕ್ಕಿಂತ ಜಾಸ್ತಿ ಇದೆ, ಕೆಲವು ಕಡೆ ಕಾಗದದಲ್ಲಷ್ಟೇ. ಹಾಗಾಗಿ ನಿಮ್ಮಲ್ಲಿನ ಕಾನೂನು ಏನು ಅಂತ ಮೊದಲು ಓದಿಕೊಂಡು, ಆಮೇಲೆ ಅತ್ತಿಗೆ ಆಫೀಸಿನಲ್ಲಿ ಹೇಳಲಿ, ಬಾಯಿಮಾತಿನಲ್ಲಿ ಅಲ್ಲ, ಇಮೇಲಿನಲ್ಲಿ. ಮತ್ತೆ ನಿನಗೂ ಪಿತೃತ್ವ ರಜೆ ಇದೆಯಾ ಕೇಳು. ಇದ್ದೂ ತೆಗೆದುಕೊಳ್ಳದವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ವಿಮೆ ಇದ್ದರೆ ಹೆರಿಗೆ ಸೇರುತ್ತದಾ, ಹುಟ್ಟಿದ ಮಗುವಿನ ಹೆಸರನ್ನು ಎಷ್ಟು ದಿನದೊಳಗೆ ಸೇರಿಸಬೇಕು, ಇವೆರಡನ್ನು ಕೇಳಿಕೊಂಡರೆ ಸಾಕು.

ಹೆರಿಗೆ ಸಮಯದಲ್ಲಿ ತನಗೆ ಬೇಕಾದವರು ಜೊತೆಗಿರಲಿ ಅಂತ ಕೇಳುವ ಹಕ್ಕು ಹಲವು ಕಡೆ ಇದೆ, ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನೇ ಹೇಳುತ್ತದೆ. ಅವತ್ತು ಬಾಗಿಲಲ್ಲಿ ನಿಂತು ವಾದ ಮಾಡುವ ಬದಲು ಮುಂಚೆಯೇ ಕೇಳಿಟ್ಟುಕೊಳ್ಳಿ.

ಮಗು ಹುಟ್ಟಿದ ಮೇಲೆ ಮೊದಲ ಕೆಲಸ ಜನನ ನೋಂದಣಿ. ಭತ್ಯೆಯೂ ಸೇರಿದಂತೆ ಮುಂದಿನ ಬಹುಪಾಲು ಅರ್ಜಿಗಳಿಗೆ ಆ ಪ್ರಮಾಣಪತ್ರ ಬೇಕು. ಹೆಸರು ಇನ್ನೂ ಇಟ್ಟಿಲ್ಲ ಅಂತ ಕಾಯಬೇಡ, ಹಲವು ಕಡೆ ಹೆಸರನ್ನು ಆಮೇಲೆ ಸೇರಿಸಲು ಬಿಡುತ್ತಾರೆ.

ಎಲ್ಲರೂ ಮರೆಯುವುದು ತಾಯಿಯನ್ನು. ಮಗು ಬಂದ ಕೂಡಲೇ ಎಲ್ಲರ ಕಣ್ಣು ತೊಟ್ಟಿಲ ಕಡೆ. ಹೆರಿಗೆಯ ನಂತರ ಮೊದಲ ದಿನ, ಎರಡು ಮೂರನೇ ದಿನ, ಎರಡನೇ ವಾರ, ಆರನೇ ವಾರ ಇಬ್ಬರಿಗೂ ತಪಾಸಣೆ ಆಗಬೇಕು. ಜೋರು ತಲೆನೋವು, ಕಣ್ಣು ಮಂಜು, ಮುಖ ಕೈ ಊತ ಬಂದರೆ ಅದು ಬಿಪಿ ಏರಿದ ಲಕ್ಷಣ ಇರಬಹುದು, ಹೆರಿಗೆಯಾದ ಮೇಲೂ ಬರಬಹುದು. ರಕ್ತಸ್ರಾವ ಜಾಸ್ತಿಯಾದರೆ, ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡ. ಮೊದಲ ವಾರ ಸುಮ್ನೆ ಅಳು ಬರುವುದು ಸಾಮಾನ್ಯ. ಎರಡು ವಾರ ದಾಟಿದರೂ ಮಂಕು ಹಾಗೇ ಇದ್ದರೆ, ನಿದ್ದೆ ಬಾರದಿದ್ದರೆ, ಮಗು ಬೇಡ ಅನ್ನಿಸುತ್ತಿದ್ದರೆ ಅದಕ್ಕೆ ಚಿಕಿತ್ಸೆ ಇದೆ. ಆ ಮಾತನ್ನು ಅತ್ತಿಗೆಯೇ ಎತ್ತಬೇಕು ಅಂತ ಕಾಯದೆ ನೀನೇ ನರ್ಸಿಗೆ ಹೇಳು.

ಸದ್ಯಕ್ಕೆ ತಪಾಸಣೆಗೆ ಒಂದು ದಿನ ಗೊತ್ತುಮಾಡಿ, ಇಬ್ಬರ ಗುರುತಿನ ಚೀಟಿಗಳನ್ನು ಪಕ್ಕಪಕ್ಕ ಇಟ್ಟು ಹೆಸರು, ಹುಟ್ಟಿದ ದಿನ ಸರಿ ಇದೆಯಾ ನೋಡು. ನರ್ಸ್ ಏನೆಂದರು ಬರೆ, ಅರ್ಜಿ ತುಂಬುವಾಗ ಫೋನ್ ಮಾಡು, ಜೊತೆಗೇ ಕೂತು ತುಂಬೋಣ.

ಇಂತಿ,
ನಿನ್ನ ಗೆಳೆಯ