ಬಿಸಿಎ ಸೇರುವ ಮೊದಲು ಪ್ರಯೋಗಾಲಯ ನೋಡಲು ಬಿಡಿ

ಮಾನ್ಯ ಸಂಪಾದಕರೇ,

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆಗೂ ಮನೆಮನೆಯಲ್ಲಿ ಕೇಳಿಬರುವ ಮಾತು ಒಂದೇ: ಕಂಪ್ಯೂಟರ್ ಓದಿಸಬೇಕು, ಯಾವ ಕಾಲೇಜಿಗೆ ಹಾಕೋಣ? ಹದಿನೆಂಟು ವರ್ಷ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿ, ಈಗ ಕುಮಟಾ ಸಮೀಪದ ನನ್ನೂರಿನಿಂದಲೇ ಅದನ್ನು ಮುಂದುವರಿಸಿರುವುದರಿಂದ ಈ ಪ್ರಶ್ನೆ ಹೊತ್ತು ನನ್ನ ಮನೆಗೂ ಅನೇಕರು ಬರುತ್ತಾರೆ. ಈ ಸಲ ತಂಗಿಯ ಮಗಳಿಗಾಗಿ ಜಿಲ್ಲೆಯ ಮೂರು ಕಾಲೇಜುಗಳನ್ನು ತರಗತಿ ನಡೆಯುತ್ತಿದ್ದ ದಿನಗಳಲ್ಲೇ ನೋಡಿ ಬಂದೆ. ಕಂಡದ್ದನ್ನು ಪಾಲಕರ ಮತ್ತು ಆಡಳಿತ ಮಂಡಳಿಗಳ ಗಮನಕ್ಕೆ ತರಲು ಈ ಪತ್ರ.

ಪಾಲಕರ ಕಣ್ಣು ಮೊದಲು ಹೋಗುವುದು ಕಾಲೇಜಿನ ಹೆಬ್ಬಾಗಿಲಲ್ಲಿ ಬರೆಸಿರುವ ನ್ಯಾಕ್ ಶ್ರೇಣಿಯ ಕಡೆಗೆ. 1994ರಲ್ಲಿ ಸ್ಥಾಪನೆಯಾದ, ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ಕೊಡುವ ಶ್ರೇಣಿ ಇಡೀ ಸಂಸ್ಥೆಗೆ ಸಂಬಂಧಿಸಿದ್ದು. ಕಲಾ ಮತ್ತು ವಾಣಿಜ್ಯ ವಿಭಾಗಗಳನ್ನು ಹತ್ತಾರು ವರ್ಷ ಶ್ರದ್ಧೆಯಿಂದ ನಡೆಸಿ ಗಳಿಸಿದ ‘ಎ’ ಶ್ರೇಣಿಯಿಂದ, ಮೊನ್ನೆ ಮೊನ್ನೆ ಆರಂಭವಾದ, ಕಂಪ್ಯೂಟರ್ ಅಪ್ಲಿಕೇಶನ್ ಪದವಿಯಾದ ಬಿಸಿಎಯಲ್ಲಿ ಪಾಠ ಹೇಗೆ ನಡೆಯುತ್ತಿದೆ ಎಂಬುದು ತಿಳಿಯುವುದಿಲ್ಲ. ಒಂದೊಂದು ಕೋರ್ಸನ್ನು ಬಿಡಿಯಾಗಿ ಪರಿಶೀಲಿಸಿ ಮಾನ್ಯತೆ ಕೊಡುವುದು ಎನ್‌ಬಿಎ. ಆದ್ದರಿಂದ ಎಂಜಿನಿಯರಿಂಗ್ ಸೇರಿಸುವವರು ‘ಕಾಲೇಜಿಗೆ ಎನ್‌ಬಿಎ ಉಂಟೇ’ ಎಂದು ಕೇಳಿ ಸುಮ್ಮನಾಗದೆ, ಕಂಪ್ಯೂಟರ್ ಸೈನ್ಸ್ ವಿಭಾಗಕ್ಕೇ ಉಂಟೇ, ಅದರ ಅವಧಿ ಯಾವ ವರ್ಷದವರೆಗೆ ಎಂಬುದನ್ನೂ ಕೇಳಬೇಕು. ಬಿಸಿಎ 2024-25ರಿಂದ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ ವ್ಯಾಪ್ತಿಗೆ ಬಂದಿದೆ, ನಿಜ. ಆದರೆ ಅದರ ಅನುಮೋದನೆ ಕೋರ್ಸ್ ನಡೆಸಲು ಸಿಗುವ ಅನುಮತಿಯಷ್ಟೆ.

ಪಠ್ಯಕ್ರಮ ಹೋಲಿಸಿ ಆರಿಸೋಣವೆಂದರೂ ಆಗದು. ನಮ್ಮ ಜಿಲ್ಲೆಯ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ, ಎಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿಟಿಯು) ಸೇರಿದವು. 2021-22ರಲ್ಲಿ ಬಂದ ನಾಲ್ಕು ವರ್ಷದ ಪದವಿ 2024-25ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿದಾಗ ಆ ಬದಲಾವಣೆ ಒಂದು ಕಾಲೇಜಿಗಷ್ಟೇ ಆದದ್ದಲ್ಲ. ಹೊನ್ನಾವರದ ಮಗುವೂ ಶಿರಸಿಯ ಮಗುವೂ ಓದುವ ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಮ್, ಡಿಬಿಎಂಎಸ್ (ದತ್ತಾಂಶ ನಿರ್ವಹಣೆ) ವಿಷಯಗಳೆಲ್ಲವೂ ಕಾಗದದ ಮೇಲೆ ಒಂದೇ ಆಗಿರುವಾಗ, ಒಂದು ಕಾಲೇಜಿಗೂ ಇನ್ನೊಂದಕ್ಕೂ ಇರುವ ಅಂತರ ಗೊತ್ತಾಗಬೇಕಾದರೆ ಪ್ರಯೋಗಾಲಯದ ಒಳಗೆ ಹೋಗಿ ಒಂದು ತಾಸು ಕೂರಲೇಬೇಕು.

ನಾವು ಮೊದಲು ಹೋದ ಕಾಲೇಜಿನಲ್ಲಿ ಪ್ರಯೋಗಾಲಯ ಹವಾನಿಯಂತ್ರಿತವಾಗಿತ್ತು, ಕಂಪ್ಯೂಟರ್‌ಗಳು ಹೊಸವು. ಅವುಗಳ ಪರದೆಯ ಮೇಲೆ ಮಾತ್ರ 1990ರ ದಶಕದ ಆರಂಭದ, ಪ್ರೋಗ್ರಾಮ್ ಬರೆದು ಓಡಿಸುವ ಟರ್ಬೊ ಸಿ ತಂತ್ರಾಂಶ ಓಡುತ್ತಿತ್ತು. ಎರಡನೇ ಸೆಮಿಸ್ಟರಿನ ಹುಡುಗನೊಬ್ಬ ತನ್ನ ಜರ್ನಲ್ ತೋರಿಸಿದ. ಅಕ್ಷರಗಳು ಮುತ್ತು ಪೋಣಿಸಿದ ಹಾಗಿದ್ದವು. ಬಲಪುಟದಲ್ಲಿ ಐದು ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸುವ ಪ್ರೋಗ್ರಾಮ್, ಎಡಪುಟದಲ್ಲಿ ಪೆನ್ಸಿಲಿನಲ್ಲಿ ಬರೆದ ಔಟ್‌ಪುಟ್. ಪ್ರತಿ ಪ್ರೋಗ್ರಾಮಿನ ಆರಂಭದಲ್ಲೂ, ಇಂದಿನ ಸಾಮಾನ್ಯ ಕಂಪೈಲರ್‌ಗಳು (ಪ್ರೋಗ್ರಾಮನ್ನು ಯಂತ್ರ ಓಡಿಸುವ ರೂಪಕ್ಕೆ ತರುವ ತಂತ್ರಾಂಶಗಳು) ಒಪ್ಪದ, ಪರದೆ ಒರೆಸುವ ಆಜ್ಞೆ. ಪಕ್ಕದವನ ಜರ್ನಲ್ ತೆರೆದೆ. ಅದರಲ್ಲೂ ಅವೇ ಐದು ಸಂಖ್ಯೆಗಳಿದ್ದವು. ‘ಆರನೆಯದೊಂದು ಸಂಖ್ಯೆ ಸೇರಿಸಬೇಕಾದರೆ ಎಲ್ಲೆಲ್ಲಿ ತಿದ್ದುತ್ತೀಯಪ್ಪ?’ ಎಂದು ಕೇಳಿದ್ದಕ್ಕೆ ಹುಡುಗ ತುಸು ಹೊತ್ತು ಪುಟ ನೋಡಿ, ‘ಜರ್ನಲ್‌ನಲ್ಲಿ ಐದೇ ಉಂಟು ಸರ್, ಪರೀಕ್ಷೆಗೂ ಇದೇ ಬರ್ತದೆ’ ಎಂದ. ಅವನನ್ನು ನಾನು ಸ್ವಲ್ಪವೂ ದೂರುವುದಿಲ್ಲ. ಬರೆದುಕೊಂಡದ್ದನ್ನು ತಪ್ಪಿಲ್ಲದೆ ಒಪ್ಪಿಸಿದರೆ ಅಂಕ ಕೊಡುವ ವ್ಯವಸ್ಥೆಯಲ್ಲಿ ಅವನು ತನ್ನ ಪಾಲಿನ ಕೆಲಸವನ್ನು ಪ್ರಾಮಾಣಿಕವಾಗಿಯೇ ಮಾಡಿದ್ದ. ಇಂಥ ಮಕ್ಕಳು ಮುಂದೆ ನಮ್ಮಂಥವರ ಎದುರು ಸಂದರ್ಶನಕ್ಕೆ ಕೂತು ತಡವರಿಸುವುದನ್ನು ನೋಡಿದವನಿಗೆ ಆ ಉತ್ತರ ಕೇಳಿ ಸಂಕಟವಾಯಿತು.

ಎರಡನೆಯ ಕಾಲೇಜಿನ ಕಂಪ್ಯೂಟರ್‌ಗಳು ಹಳೆಯವು, ಕೆಲವು ಕೀಲಿಮಣೆಗಳಲ್ಲಿ ಅಕ್ಷರ ಅಳಿಸಿಹೋಗಿದ್ದವು. ಆದರೆ ಎಲ್ಲದರಲ್ಲೂ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಮತ್ತು ಕಾಸು ಕೊಡದೆ ಸಿಗುವ ಜಿಸಿಸಿ ಕಂಪೈಲರ್ ಇತ್ತು. ಉಪನ್ಯಾಸಕಿಯೊಬ್ಬರು ಹಲಗೆಯ ಮೇಲೆ, ಒಂದು ಮಾಹಿತಿ ಮುಂದಿನದರ ಜಾಗ ತೋರಿಸುತ್ತ ಸಾಗುವ ಸರಪಳಿಯಾದ ಲಿಂಕ್ಡ್ ಲಿಸ್ಟಿನ ಚೌಕಗಳನ್ನು ಬಾಣಗಳಿಂದ ಜೋಡಿಸಿ, ಮೊದಲ ಚೌಕವನ್ನು ಒರೆಸಿ, ‘ಈಗ ಉಳಿದವನ್ನು ಹುಡುಕುವುದು ಹೇಗೆ?’ ಎಂದು ಕೇಳಿದರು. ಒಬ್ಬಳು ತಪ್ಪು ಹೇಳಿದಾಗ ಬೈಯದೆ, ಆ ತಪ್ಪನ್ನೇ ಟೈಪ್ ಮಾಡಿ ಓಡಿಸಲು ಹೇಳಿದರು. ಪ್ರೋಗ್ರಾಮ್ ನಡುವೆಯೇ ನಿಂತುಹೋಯಿತು. ಏಕೆ ನಿಂತಿತು ಎಂದು ಹುಡುಕುವುದರಲ್ಲಿ ಉಳಿದ ಅರ್ಧ ತಾಸು ಕಳೆಯಿತು. ಮನೆಗೆ ಮರಳುವಾಗ ಬಸ್ಸಿನಲ್ಲಿ ತಂಗಿಯ ಮಗಳು ಆ ಬಾಣಗಳ ಬಗ್ಗೆಯೇ ಮಾತಾಡುತ್ತಿದ್ದಳು.

ಕ್ಯಾಂಪಸ್ ನೇಮಕಾತಿಯ ಫಲಕಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅತಿ ಹೆಚ್ಚು ಸಂಬಳ ಪಡೆದ ಒಬ್ಬರ ಭಾವಚಿತ್ರ ಹಾಕುವ ಜಾಗದಲ್ಲಿ, ಆ ತಂಡಕ್ಕೆ ಸೇರಿದವರು ಎಷ್ಟು, ಯಾವ ವಿಷಯವೂ ಬಾಕಿ ಇಲ್ಲದೆ ಮೂರು ವರ್ಷದಲ್ಲಿ ಮುಗಿಸಿದವರು ಎಷ್ಟು ಎಂಬ ಎರಡು ಅಂಕಿ ಹಾಕಿದರೆ ಸಾಕು.

ನಮ್ಮ ಜಿಲ್ಲೆಗೇ ವಿಶೇಷವಾದ ಇನ್ನೊಂದು ಸಂಗತಿಯಿದೆ. ಮಳೆಗಾಲದಲ್ಲಿ ಕರೆಂಟ್ ಹೋಗುವುದು, ಜೋರು ಮಳೆಗೆ ರಜೆ ಘೋಷಣೆಯಾಗುವುದು ಇಲ್ಲಿ ಹೊಸತಲ್ಲ. ಹೀಗೆ ತಪ್ಪಿಹೋದ ಪ್ರಾಯೋಗಿಕ ತರಗತಿಗಳನ್ನು ಮತ್ತೆ ನಡೆಸುತ್ತಾರೆಯೇ ಎಂದು ಮೂರೂ ಕಡೆ ಕೇಳಿದೆ. ಖಚಿತವಾಗಿ ಹೌದೆಂದವರು ಎರಡನೆಯ ಕಾಲೇಜಿನವರು ಮಾತ್ರ. ಹಳ್ಳಿಗಳಿಂದ ಬರುವ ಮಕ್ಕಳು ಸಂಜೆಯ ಬಸ್ಸು ಹಿಡಿಯಲು ಓಡಬೇಕಾಗುವುದರಿಂದ ಪ್ರಯೋಗಾಲಯವನ್ನು ಮಧ್ಯಾಹ್ನದ ಬಿಡುವಿನಲ್ಲೂ ತೆರೆದಿಡುವ ಏರ್ಪಾಡನ್ನು ಅವರು ಮಾಡಿಕೊಂಡಿದ್ದರು. ಅತಿಥಿ ಉಪನ್ಯಾಸಕರ ನೇಮಕ ತಡವಾದ ವರ್ಷ ಪಾಠ ಯಾರು ಮಾಡಿದರು ಎಂಬುದನ್ನೂ ಪಾಲಕರು ಸಂಕೋಚವಿಲ್ಲದೆ ವಿಚಾರಿಸಬೇಕು.

ವಿಶ್ವವಿದ್ಯಾಲಯಗಳಲ್ಲಿ ನನ್ನ ವಿನಂತಿ ಇಷ್ಟು. ಕಾಲೇಜಿನ ಸಂಯೋಜನೆಗಾಗಿ (ಅಫಿಲಿಯೇಶನ್) ಬರುವ ಸ್ಥಳೀಯ ವಿಚಾರಣಾ ಸಮಿತಿಯು ಕಂಪ್ಯೂಟರ್‌ಗಳ ಸಂಖ್ಯೆ, ಕೋಣೆಯ ಅಳತೆ ದಾಖಲಿಸಿಕೊಳ್ಳುವುದರ ಜೊತೆಗೆ, ಚೀಟಿ ಎತ್ತಿ ಆರಿಸಿದ ಹತ್ತು ವಿದ್ಯಾರ್ಥಿಗಳಿಗೆ ಜರ್ನಲ್‌ನಲ್ಲಿ ಇಲ್ಲದ ಒಂದು ಸಣ್ಣ ಲೆಕ್ಕ ಕೊಟ್ಟು, ಅವರು ಅದನ್ನು ಬಿಡಿಸುವ ರೀತಿಯನ್ನು ನೋಡಿ ತನ್ನ ವರದಿಯಲ್ಲಿ ಸೇರಿಸಲಿ. ಕಾಲೇಜುಗಳು ಪ್ರವೇಶದ ತಿಂಗಳಲ್ಲಿ ವಾರಕ್ಕೊಂದು ದಿನವಾದರೂ, ತರಗತಿ ನಡೆಯುತ್ತಿರುವಾಗಲೇ, ಪ್ರಯೋಗಾಲಯಕ್ಕೆ ಪಾಲಕರನ್ನೂ ಮಕ್ಕಳನ್ನೂ ಬಿಡಲಿ. ಮೂರನೆಯ ಕಾಲೇಜಿನಲ್ಲಿ ನಮ್ಮನ್ನು ಕಚೇರಿಯಿಂದ ಮುಂದಕ್ಕೆ ಬಿಡಲಿಲ್ಲ, ಶುಲ್ಕದ ಪಟ್ಟಿ ಮಾತ್ರ ಕೈಗೆ ಕೊಟ್ಟರು.

ತಮ್ಮ ಪತ್ರಿಕೆಯೂ ಪ್ರವೇಶದ ದಿನಗಳಲ್ಲಿ ಜಿಲ್ಲೆಯ ಕಾಲೇಜುಗಳ ವಿಶೇಷ ಪುಟ ತರುವಾಗ ಮೇಲೆ ಹೇಳಿದ, ಸೇರಿದವರ ಮತ್ತು ಬಾಕಿಯಿಲ್ಲದೆ ಮುಗಿಸಿದವರ ಎರಡು ಅಂಕಿಗಳನ್ನು ಪ್ರತಿ ಕಾಲೇಜಿನಿಂದ ಕೇಳಿ ಪಡೆದು ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ಕುಮಟಾ ತಾಲೂಕು