ನಮ್ಮೂರಿನ ಪತ್ತೇದಾರ ನಮ್ಮೂರಲ್ಲೇ ಸಿಗುತ್ತಿಲ್ಲ

ಸಂಪಾದಕರೇ, ನಮಸ್ಕಾರ.

ಜನ ಓದುವುದನ್ನೇ ಬಿಟ್ಟರು ಎಂಬ ಮಾತು ಪತ್ರಿಕೆಗಳ ಓದುಗರ ಅಂಕಣದಲ್ಲಿ ಆಗಾಗ ಬರುತ್ತಿರುತ್ತದೆ. ಚಿಕ್ಕಮಗಳೂರಿನ ನಾವು ಕೆಲವು ಗೆಳೆಯರು ಈ ವರ್ಷ ಒಂದು ಪಂಥ ಕಟ್ಟಿಕೊಂಡಿದ್ದೇವೆ. ತಿಂಗಳಿಗೊಂದು ಹಳೆಯ ಪತ್ತೇದಾರಿ ಪುಸ್ತಕ ಓದಬೇಕು. ಹಳೆಯದು ಮೊದಲು, ಪ್ರಕಟವಾದ ವರ್ಷದ ಕ್ರಮದಲ್ಲೇ. ಕೊನೆ ಪುಟ ತೆಗೆದು ನೋಡುವ ಹಾಗಿಲ್ಲ. ಪತ್ತೇದಾರ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ ಗುಟ್ಟು ಬಿಚ್ಚಲು ಶುರು ಮಾಡುವ ಜಾಗ ಬರುತ್ತದಲ್ಲ, ಅಲ್ಲಿ ಪುಸ್ತಕ ಮುಚ್ಚಿ, ಅಪರಾಧಿ ಯಾರು, ಯಾಕೆ ಹಾಗನ್ನಿಸಿತು ಅಂತ ಒಂದು ಚೀಟಿಯಲ್ಲಿ ಬರೆದಿಟ್ಟು ಆಮೇಲೆ ಮುಂದೆ ಓದಬೇಕು.

ಈ 'ಯಾಕೆ' ಇದೆಯಲ್ಲ, ನಮಗೆ ಅದೇ ಮುಖ್ಯ. ಸುಮ್ನೆ ಒಂದು ಹೆಸರು ಹೇಳುವುದು ಸುಲಭ. ಸುಳಿವು ಯಾವ ಪುಟದಲ್ಲಿತ್ತು ಅಂತ ತೋರಿಸಬೇಕು. ಒಳ್ಳೆಯ ಪತ್ತೇದಾರಿ ಕತೆಯಲ್ಲಿ ಅದು ಇದ್ದೇ ಇರುತ್ತದೆ. ಪಾದ್ರಿಯೂ ಪತ್ತೇದಾರಿ ಲೇಖಕನೂ ಆಗಿದ್ದ ರೊನಾಲ್ಡ್ ನಾಕ್ಸ್ 1929ರಲ್ಲಿ ಇಂಥ ಕತೆಗಳಿಗೆ ಹತ್ತು ನಿಯಮ ಬರೆದಿಟ್ಟ. ಪತ್ತೇದಾರನಿಗೆ ಸಿಕ್ಕ ಸುಳಿವನ್ನು ಓದುಗನಿಂದ ಮುಚ್ಚಿಡಬಾರದು, ದೆವ್ವ ಭೂತ ತರಬಾರದು, ಯಾರೂ ಕಂಡು ಕೇಳದ ವಿಷ ಬಳಸಬಾರದು, ಹೀಗೆ. ಓದುಗನಿಗೆ ಮೋಸ ಆಗಬಾರದು ಅನ್ನುವ ಈ ಮರ್ಯಾದೆಯೇ ನನಗೆ ಈ ಕತೆಗಳಲ್ಲಿ ತುಂಬ ಇಷ್ಟ.

ಶುರು ಮಾಡಿದ್ದು 1841ರ ಎಡ್ಗರ್ ಅಲನ್ ಪೋ ಕತೆಯಿಂದ. ಆಮೇಲೆ ವಿಲ್ಕಿ ಕಾಲಿನ್ಸ್‌ನ 'ದಿ ಮೂನ್‌ಸ್ಟೋನ್', 1868ರದ್ದು. ಕತೆ ಇಂಗ್ಲೆಂಡಿನದು, ಆದರೆ ಮೊದಲ ಪುಟಗಳು ಎಲ್ಲಿವೆ ಗೊತ್ತೇ? ನಮ್ಮ ಶ್ರೀರಂಗಪಟ್ಟಣದಲ್ಲಿ! 1799ರಲ್ಲಿ ಕೋಟೆ ಬಿದ್ದ ದಿನ ಒಬ್ಬ ಬ್ರಿಟಿಷ್ ಅಧಿಕಾರಿ ಅಲ್ಲಿಂದ ಹೊಡೆದುಕೊಂಡು ಹೋದ ವಜ್ರವೇ ಇಡೀ ಕಾದಂಬರಿಯ ಮೂಲ. ಆ ವಜ್ರ ಮುಂದೆ ಇಂಗ್ಲೆಂಡಿನ ಒಂದು ಮನೆಯಿಂದ ಮಾಯವಾಗುತ್ತದೆ. ಕೋಣೆಯ ಬಾಗಿಲಿಗೆ ಹೊಸದಾಗಿ ಬಳಿದ ಬಣ್ಣ ಒಂದು ಕಡೆ ಸ್ವಲ್ಪ ಒರೆಸಿಹೋಗಿರುತ್ತದೆ. ಮೊದಲು ಬಂದ ಪೊಲೀಸ್ ಅಧಿಕಾರಿ, ಕೆಲಸದ ಹೆಂಗಸರ ಲಂಗ ತಾಗಿರಬೇಕು ಅಂದು ಅದನ್ನು ಅಲ್ಲಿಗೇ ಬಿಡುತ್ತಾನೆ. ಸಾರ್ಜೆಂಟ್ ಕಫ್ ಬಿಡುವುದಿಲ್ಲ. ಬಣ್ಣ ಒಣಗಲು ಎಷ್ಟು ಹೊತ್ತು ಬೇಕು, ಹಾಗಾದರೆ ಅದು ತಾಗಿದ್ದು ಎಷ್ಟು ಹೊತ್ತಿಗೆ, ಅಂದಮೇಲೆ ಈ ಮನೆಯಲ್ಲಿ ಯಾರದೋ ಬಟ್ಟೆಯ ಮೇಲೆ ಆ ಕಲೆ ಇರಲೇಬೇಕಲ್ವಾ ಅಂತ ಒಂದೊಂದಾಗಿ ಕೇಳುತ್ತಾ ಹೋಗುತ್ತಾನೆ. ಮುಂದಿನದನ್ನು ಹೇಳುವುದಿಲ್ಲ, ನೀವೇ ಓದಿ.

ಅಗಾಥಾ ಕ್ರಿಸ್ಟಿಯ ಮೊದಲ ಕಾದಂಬರಿ 1920ರಲ್ಲಿ ಬಂತು. ಮೊದಲ ಮಹಾಯುದ್ಧದಲ್ಲಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡುತ್ತಾ ವಿಷಗಳ ಬಗ್ಗೆ ಕಲಿತವರು ಅವರು. ಆ ಕಾದಂಬರಿಯ ವಿಷ ಸ್ಟ್ರಿಕ್ನಿನ್, ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲೂ ಬೆಳೆಯುವ ಕಾಸರಕದ ಬೀಜದಲ್ಲಿರುವುದು.

ಇಷ್ಟರವರೆಗೆ ಪುಸ್ತಕಕ್ಕೆ ತೊಂದರೆಯಾಗಲಿಲ್ಲ. ತುಂಬ ಹಳೆಯ ಇಂಗ್ಲಿಷ್ ಪುಸ್ತಕಗಳು ಹಕ್ಕುಸ್ವಾಮ್ಯ ಮುಗಿದು ಪುಕ್ಕಟೆಯಾಗಿ ಮೊಬೈಲಿಗೇ ಬರುತ್ತವೆ. ಕನ್ನಡದ ಸರದಿ ಬಂದಾಗ ಪಂಥ ನಿಂತುಹೋಯಿತು.

ಎನ್. ನರಸಿಂಹಯ್ಯನವರು 1925ರಲ್ಲಿ ಹುಟ್ಟಿದ್ದು ಇದೇ ಚಿಕ್ಕಮಗಳೂರಿನಲ್ಲಿ. ಸ್ಕೂಲಲ್ಲಿ ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಬರೆದದ್ದು 500ಕ್ಕೂ ಹೆಚ್ಚು ಕಾದಂಬರಿ! ಅವರ ಪತ್ತೇದಾರ ಪುರುಷೋತ್ತಮನ ಹೆಸರು ಹೇಳಿದರೆ ನಮ್ಮ ಅಪ್ಪ ಅಮ್ಮನ ಕಾಲದವರ ಮುಖ ಇವತ್ತಿಗೂ ಅರಳುತ್ತದೆ. ಅಂಥವರ ಒಂದು ಪೂರ್ತಿ ಪುಸ್ತಕ ಅವರ ಊರಲ್ಲೇ ನಮಗೆ ಸಿಕ್ಕಿಲ್ಲ. ಒಂದು ಗ್ರಂಥಾಲಯದಲ್ಲಿ 'ಅವೆಲ್ಲ ಹಳೇ ಬುಕ್ಕು, ಯಾವಾಗಲೋ ತೆಗೆದುಹಾಕಿದ್ದೇವೆ' ಅಂದರು. ಗೆಳೆಯರೊಬ್ಬರ ಮನೆಯ ಅಟ್ಟದಲ್ಲಿ ಒಂದು ಪ್ರತಿ ಇತ್ತು. ಹಾಳೆ ಕಂದು ತಿರುಗಿದೆ, ಪಿನ್ನು ತುಕ್ಕು ಹಿಡಿದಿದೆ, ಮಗುಚಿದರೆ ಮೂಲೆ ಮುರಿದು ಕೈಗೆ ಬರುತ್ತದೆ. ಕೊನೆಯ ಹಾಳೆಗಳೇ ಇಲ್ಲ. ಪತ್ತೇದಾರಿ ಕಾದಂಬರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇರೆ ಏನಿದೆ ಹೇಳಿ.

ಸ್ಕ್ಯಾನ್ ಮಾಡಿ ಹಂಚಿ ಅನ್ನಬಹುದು. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ನರಸಿಂಹಯ್ಯನವರು ತೀರಿಕೊಂಡಿದ್ದು 2011ರಲ್ಲಿ. ಅಂದರೆ 2071 ಮುಗಿಯುವವರೆಗೆ ಕಾಯಬೇಕು. ಅಗ್ಗದ ಕಾಗದವನ್ನು ಅದರೊಳಗಿನ ಆಮ್ಲವೇ ತಿನ್ನುತ್ತದೆ, ಜೊತೆಗೆ ಮಲೆನಾಡಿನ ಮಳೆಗಾಲದ ತೇವ ಬೇರೆ. ಅಲ್ಲಿವರೆಗೆ ಒಂದು ಪುಟವೂ ಉಳಿಯುವುದಿಲ್ಲ. ಹಾಗಾಗಿ ಹಕ್ಕುದಾರರ ಒಪ್ಪಿಗೆ ಪಡೆದು ಯಾರಾದರೂ ಮರುಮುದ್ರಣ ಮಾಡಬೇಕು. ಉಳಿದ ಪ್ರತಿಗಳನ್ನು ಗ್ರಂಥಾಲಯ ಜೋಪಾನ ಮಾಡಬೇಕು. ಆಸ್ತಿ ತೆರಿಗೆ ಜೊತೆ ಗ್ರಂಥಾಲಯ ಕರ ಕಟ್ಟುವ ನಮಗೆ ಇದನ್ನು ಕೇಳುವ ಹಕ್ಕಿದೆ.

ಪತ್ತೇದಾರಿ ಸಾಹಿತ್ಯವೇ ಅಲ್ಲ ಅನ್ನುವವರು ಇನ್ನೂ ಇದ್ದಾರೆ. ನಮ್ಮ ಮೂಡಿಗೆರೆಯ ತೇಜಸ್ವಿಯವರ 'ಚಿದಂಬರ ರಹಸ್ಯ'ದಲ್ಲಿ ಏಲಕ್ಕಿ ವಿಜ್ಞಾನಿಯೊಬ್ಬರ ಸಾವಿನ ತನಿಖೆಯೇ ಕತೆಯನ್ನು ಎಳೆದುಕೊಂಡು ಹೋಗುತ್ತದೆ. ಅದಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ನಿಮ್ಮ ಪತ್ರಿಕೆಗೂ ಒಂದು ಕೋರಿಕೆ. ಭಾನುವಾರದ ಪುರವಣಿಯಲ್ಲಿ ತಿಂಗಳಿಗೊಂದು ಹಳೆಯ ಕನ್ನಡ ಪತ್ತೇದಾರಿ ಕತೆ ಹಾಕಿ. ಗುಟ್ಟು ಬಿಚ್ಚುವ ಮುಂಚೆ ನಿಲ್ಲಿಸಿ, ಓದುಗರಿಂದ ಚೀಟಿ ತರಿಸಿಕೊಳ್ಳಿ, ಉತ್ತರ ಮುಂದಿನ ವಾರ ಕೊಡಿ. ಮಕ್ಕಳೂ ಬರೆಯುತ್ತಾರೆ ನೋಡಿ.

ವರ್ಷದ ಕ್ರಮದಲ್ಲಿ ನಾವೀಗ 1950ರ ದಶಕಕ್ಕೆ ಬಂದು ನಿಂತಿದ್ದೇವೆ. ಪುರುಷೋತ್ತಮನನ್ನು ಬಿಟ್ಟು ತೇಜಸ್ವಿಯವರ ಪುಸ್ತಕಕ್ಕೆ ಹಾರಲು ಯಾರಿಗೂ ಮನಸ್ಸಿಲ್ಲ. ಹಾಸನ, ಚಿಕ್ಕಮಗಳೂರು ಕಡೆ ಯಾರ ಮನೆಯಲ್ಲಾದರೂ ಕೊನೆ ಪುಟದವರೆಗೆ ಇರುವ ಪ್ರತಿ ಇದ್ದರೆ ರದ್ದಿಗೆ ಹಾಕಬೇಡಿ, ಈ ಪತ್ರಿಕೆಯ ಮೂಲಕ ತಿಳಿಸಿ. ಕೊಡಲು ಮನಸ್ಸಿಲ್ಲದಿದ್ದರೆ ನಿಮ್ಮ ಮನೆ ಜಗಲಿಯಲ್ಲೇ ಕೂತು ಓದಿ ವಾಪಸ್ ಕೊಟ್ಟು ಬರುತ್ತೇವೆ.

— ಓದುಗ, ಚಿಕ್ಕಮಗಳೂರು